ಪಾರಿವಾಳದ ಹಿಕ್ಕೆಯಲ್ಲಿ ಬಿಳಿ ಹುಳ: ಮನೆಯಲ್ಲಿರುವ ಜಂತು ಮಾತ್ರೆ ಕೊಡಬಹುದಾ?

ತಾರಸಿತೋಟ (ರಾಜಾಜಿನಗರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಪ್ರಶ್ನೆ.

ನಮ್ಮದು ಮೂರನೇ ಮಹಡಿ ಮನೆ. ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಹಿಂದೆ ನಿನ್ನೆ ಬೆಳಿಗ್ಗೆಯಿಂದ ಒಂದು ಪಾರಿವಾಳ ಮುದುರಿಕೊಂಡು ಕೂತಿದೆ. ಯಾರೂ ಸಾಕಿದ್ದಲ್ಲ, ಕಾಲಲ್ಲಿ ಉಂಗುರ ಇಲ್ಲ. ಎದುರು ಕಟ್ಟಡದ ಸಜ್ಜಾ ಮೇಲೆ ಇರುತ್ತಲ್ಲ, ಆ ಗುಂಪಿನದ್ದೇ. ಹತ್ತಿರ ಹೋದರೂ ಹಾರಲಿಲ್ಲ. ಟವೆಲ್ ಹಾಕಿ ಹಿಡಿದು, ರಟ್ಟಿನ ಡಬ್ಬದಲ್ಲಿ ಹಳೇ ಪೇಪರ್ ಹಾಸಿ ಇಟ್ಟೆ.

ಇವತ್ತು ಪೇಪರ್ ಬದಲಾಯಿಸುವಾಗ ನೋಡಿದರೆ ನೀರು ನೀರಾದ ಹಸಿರು ಹಿಕ್ಕೆ, ಅದರ ಮಧ್ಯೆ ಒಂದು ಬಿಳಿ ಹುಳ. ಸ್ಕೇಲ್ ಇಟ್ಟು ಅಳೆದೆ, ಐದು ಸೆಂಟಿಮೀಟರ್ ಮೇಲೆ ಚೂರು. ಬೇಯಿಸಿದ ಶಾವಿಗೆ ಎಳೆ ಥರ ಇದೆ, ಎರಡೂ ತುದಿ ಚೂಪು. ನಿಧಾನಕ್ಕೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಹಕ್ಕಿಯ ಎದೆ ಮುಟ್ಟಿದರೆ ಮಾಂಸವೇ ಇಲ್ಲ. ಮಧ್ಯದ ಮೂಳೆ ಈಳಿಗೆ ಮಣೆಯ ಅಲಗಿನ ಹಾಗೆ ಕೈಗೆ ಹತ್ತುತ್ತದೆ.

ಶಾಲೆಯಲ್ಲಿ ಮಕ್ಕಳಿಗೆ ಫೆಬ್ರುವರಿಯಲ್ಲಿ, ಆಗಸ್ಟ್‌ನಲ್ಲಿ ಕೊಡುತ್ತಾರಲ್ಲ, ಅದೇ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ನಮ್ಮ ಮನೆಯಲ್ಲೂ ಇದೆ. ಒಂದು ಚೂರು ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಬಹುದಾ? ಇನ್ನೊಂದು ಭಯ, ಮಗಳಿಗೆ ಆರು ವರ್ಷ. ಈ ಹುಳ ಅವಳಿಗೆ ಬರುತ್ತಾ?

ಪಶುವೈದ್ಯೆ (ಹಾಸನ)

ಮೇಡಂ, ಆ ಮಾತ್ರೆ ಕೊಡಬೇಡಿ. ಚೂರೂ ಬೇಡ. ಅಲ್ಬೆಂಡಜೋಲ್, ಫೆನ್ಬೆಂಡಜೋಲ್ ಎರಡೂ ಪಾರಿವಾಳದ ಜಾತಿಗೆ ವಿಷ ಆಗಬಹುದು. ಮಗುವಿಗೆ ಆ ಹುಳ ಬರಲ್ಲ, ಆ ಭಯ ಬಿಡಿ. ಈಗ ಡ್ಯೂಟಿಯಲ್ಲಿದ್ದೇನೆ, ರಾತ್ರಿ ಪೂರ್ತಿ ಬರೆಯುತ್ತೇನೆ. ಅಲ್ಲಿವರೆಗೆ ಬೆಚ್ಚಗಿಡಿ, ನೀರಿಡಿ, ಅಷ್ಟೇ.

ಗೂಡಿನ ಮನೆ (ಫ್ರೇಜರ್ ಟೌನ್)

ಅಕ್ಕ, ನಾನು ಇಪ್ಪತ್ತೆರಡು ವರ್ಷದಿಂದ ಹೋಮರ್, ಅಂದರೆ ಎಲ್ಲಿ ಬಿಟ್ಟರೂ ಗೂಡಿಗೆ ವಾಪಸ್ ಬರುವ ಪಾರಿವಾಳ, ಸಾಕುತ್ತಿದ್ದೇನೆ. ಡಾಕ್ಟ್ರು ಹೇಳುವವರೆಗೆ ಕೈಯಲ್ಲಾಗುವ ಕೆಲಸ ಹೇಳುತ್ತೇನೆ.

ಮೊದಲು ಬಿಸಿ. ಎದೆ ಮೂಳೆ ಹಾಗೆ ಕಾಣುವ ಹಕ್ಕಿಗೆ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿನೇ ಇರಲ್ಲ. ಬಾಟಲಿಯಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಡಬ್ಬದ ಒಂದು ಮೂಲೆಯಲ್ಲಿಡಿ. ಜಾಸ್ತಿ ಅನಿಸಿದರೆ ಅದೇ ಆ ಕಡೆ ಸರಿಯಲಿ, ಅಷ್ಟು ಜಾಗ ಇರಲಿ.

ನೀರಿಗೆ ತಟ್ಟೆ ಬೇಡ. ಕೋಳಿ ಥರ ಒಂದೊಂದು ಗುಟುಕು ತೆಗೆದುಕೊಂಡು ತಲೆ ಎತ್ತುವ ಹಕ್ಕಿ ಅಲ್ಲ ಇದು. ಕೊಕ್ಕು ಪೂರ್ತಿ ಮುಳುಗಿಸಿ, ನಾವು ಸ್ಟ್ರಾದಲ್ಲಿ ಕುಡಿದ ಹಾಗೆ ಎಳೆಯುತ್ತದೆ. ಸಣ್ಣ ಲೋಟದಲ್ಲಿ ಎರಡು ಬೆರಳು ನೀರಿರಬೇಕು. ಬಲವಂತವಾಗಿ ಬಾಯಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ಆಮೇಲೆ ಬೆಳಕಿಗೆ ಹಿಡಿದು ಕೊಕ್ಕು ತೆರೆದು ಒಳಗೆ ನೋಡಿ. ಗಂಟಲಲ್ಲಿ ಗಿಣ್ಣಿನ ಚೂರಿನ ಹಾಗೆ ಹಳದಿ ಗಂಟು ಇದೆಯಾ? ಇದ್ದರೆ ಅದು ಕ್ಯಾಂಕರ್ ಅನ್ನುವ ಗಂಟಲ ಸೋಂಕು, ಹುಳಕ್ಕೂ ಅದಕ್ಕೂ ಸಂಬಂಧ ಇಲ್ಲ, ಔಷಧಿನೂ ಬೇರೆ. ಕತ್ತು ತಿರುಚಿಕೊಳ್ಳುತ್ತಾ? ಕಾಳು ಕುಕ್ಕಲು ಹೋಗಿ ಗುರಿ ತಪ್ಪುತ್ತಾ? ಕಾಲಿಗೆ ದಾರ, ತಲೆಗೂದಲು ಸುತ್ತಿಕೊಂಡಿದೆಯಾ? ಒಂದೊಂದೇ ನೋಡಿ ಬರೆಯಿರಿ. ಹುಳ ಕಣ್ಣಿಗೆ ಕಂಡಿತು ಅಂತ ಎಲ್ಲದಕ್ಕೂ ಹುಳವೇ ಕಾರಣ ಅಂತ ಅಂದುಕೊಳ್ಳಬೇಡಿ.

ತಾರಸಿತೋಟ

ನೋಡಿದೆ ಅಣ್ಣ. ಬಾಯಿ ಸ್ವಚ್ಛ, ತಿಳಿ ಗುಲಾಬಿ ಬಣ್ಣ. ಕತ್ತು ನೇರ. ಬಲಗಾಲಿನ ಒಂದು ಬೆರಳಿಗೆ ಕೂದಲು ಬಿಗಿದಿತ್ತು, ಉಗುರು ಕತ್ತರಿಯಲ್ಲಿ ತೆಗೆದೆ. ಲೋಟದಲ್ಲಿ ನೀರಿಟ್ಟ ತಕ್ಷಣ ಕೊಕ್ಕು ಮುಳುಗಿಸಿ ತುಂಬಾ ಹೊತ್ತು ಕುಡಿಯಿತು. ನೆನೆಸಿದ ಬಟಾಣಿ ನಾಲ್ಕು ತಿಂದಿದೆ. ಮಾತ್ರೆ ಎತ್ತಿಟ್ಟೆ. ನಿಜವಾಗಿ ಹೇಳಬೇಕೆಂದರೆ ಮಾತ್ರೆಯ ಚೂರು ಚಮಚದಲ್ಲಿ ಹಾಕಿಯೂ ಆಗಿತ್ತು.

ಪಶುವೈದ್ಯೆ (ಹಾಸನ)

ಕೊಡುವ ಮುಂಚೆ ಕೇಳಿದಿರಲ್ಲ, ಅದಕ್ಕೆ ನಿಮಗೆ ಥ್ಯಾಂಕ್ಸ್. ಎಷ್ಟೋ ಜನ ಕೊಟ್ಟ ಮೇಲೆ ಕೇಳುತ್ತಾರೆ.

ಮೊದಲು ಆ ಮಾತ್ರೆ ಯಾಕೆ ಬೇಡ ಅಂತ ಹೇಳುತ್ತೇನೆ. ಮಕ್ಕಳಿಗೆ, ದನಗಳಿಗೆ, ಕುರಿಗಳಿಗೆ ಒಳ್ಳೆಯ ಔಷಧಿ ಅದು. ಆದರೆ ಪಾರಿವಾಳ, ಬೆಳವ ಇವುಗಳ ಮೈಯಲ್ಲಿ ಬೇಗ ಬೇಗ ಹೊಸದಾಗಿ ಹುಟ್ಟುವ ಜೀವಕೋಶಗಳನ್ನೇ ಅದು ಹಾಳು ಮಾಡುತ್ತದೆ. ಮೂಳೆಯೊಳಗಿನ ಮಜ್ಜೆ, ಕರುಳಿನ ಒಳಪದರ, ಹೊಸ ಗರಿಯ ಬುಡ. ಕೊಟ್ಟ ದಿನ ಏನೂ ಕಾಣಲ್ಲ. ಕೆಲವು ದಿನ ಬಿಟ್ಟು ಹಕ್ಕಿ ಮಂಕಾಗುತ್ತದೆ, ಬಿಳಿ ರಕ್ತಕಣ ಕುಸಿದು ಬೇರೆ ಸೋಂಕು ಹತ್ತಿ ಸಾಯುತ್ತದೆ. ಆಗ ನೋಡಿದವರು ಹುಳದಿಂದಲೇ ಸತ್ತಿತು ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಪಾರಿವಾಳ, ಡವ್‌ಗಳಲ್ಲಿ ಹೀಗೆ ಆದದ್ದು 2002ರಲ್ಲೇ ಪ್ರಕಟವಾಗಿದೆ. ಆದರೂ ನಮ್ಮಲ್ಲಿ ಪೆಟ್ ಅಂಗಡಿ ಕೌಂಟರ್‌ನಲ್ಲಿ ಇವತ್ತಿಗೂ ಹಕ್ಕಿಗೆ ಅಂತ ಇವನ್ನೇ ಕೊಡುವುದು ನೋಡಿ ತುಂಬಾ ಬೇಜಾರಾಗುತ್ತದೆ.

ಈಗ ನಿಮ್ಮ ಹುಳದ ವಿಷಯ. ನೀವು ಹೇಳಿದ ಅಳತೆ, ಬಣ್ಣ, ಎರಡೂ ತುದಿ ಚೂಪು ಅಂದರೆ ಅದು ಬಹುಮಟ್ಟಿಗೆ ಪಾರಿವಾಳದ ದುಂಡುಹುಳ, ಅಸ್ಕರಿಡಿಯಾ ಕೊಲಂಬೆ. ಸಣ್ಣ ಕರುಳಲ್ಲಿ ಇರುತ್ತದೆ. ಗಂಡು ಚಿಕ್ಕದು, ಹೆಣ್ಣು ಒಂಬತ್ತು ಸೆಂಟಿಮೀಟರ್‌ವರೆಗೂ ಬೆಳೆಯಬಹುದು. ಒಂದೆರಡು ಇದ್ದರೆ ಗಟ್ಟಿ ಹಕ್ಕಿ ಆರಾಮಾಗಿ ತಡೆದುಕೊಳ್ಳುತ್ತದೆ. ಜಾಸ್ತಿಯಾದರೆ ತಿಂದದ್ದು ಮೈಗೆ ಹತ್ತಲ್ಲ, ತೂಕ ಇಳಿಯುತ್ತದೆ. ತೀರಾ ಜಾಸ್ತಿಯಾದರೆ ಕರುಳೇ ಕಟ್ಟಿಕೊಳ್ಳಬಹುದು.

ಇದು ಹರಡುವ ದಾರಿ ತುಂಬಾ ಸರಳ. ಹೆಣ್ಣು ಹುಳ ಇಟ್ಟ ಮೊಟ್ಟೆ ಹಿಕ್ಕೆಯಲ್ಲಿ ಹೊರಬರುತ್ತದೆ. ಆಗಷ್ಟೇ ಬಿದ್ದ ಮೊಟ್ಟೆಯಿಂದ ರೋಗ ಬರಲ್ಲ. ತೇವ, ಸೆಕೆ ಎರಡೂ ಇದ್ದರೆ ಸುಮಾರು ಎರಡು ವಾರದಲ್ಲಿ ಅದರೊಳಗೆ ಮರಿ ತಯಾರಾಗುತ್ತದೆ. ಆಮೇಲೆ ಅದೇ ಜಾಗದಲ್ಲಿ ಕಾಳು ಹೆಕ್ಕುವ ಇನ್ನೊಂದು ಹಕ್ಕಿಯ ಹೊಟ್ಟೆ ಸೇರುತ್ತದೆ. ಅಲ್ಲಿ ಬೆಳೆದು ತಾನೂ ಮೊಟ್ಟೆ ಇಡಲು ಇನ್ನೊಂದು ಆರು ವಾರ. ಮಧ್ಯೆ ಬೇರೆ ಪ್ರಾಣಿಯ ಸಹಾಯ ಬೇಕಿಲ್ಲ. ಅದಕ್ಕೇ ಗೂಡಿನಲ್ಲಿರುವ ಎಳೇ ಮರಿಯಲ್ಲಿ ದೊಡ್ಡ ಹುಳ ಸಿಗುವುದು ಕಡಿಮೆ, ಅದಕ್ಕಿನ್ನೂ ಅಷ್ಟು ವಯಸ್ಸೇ ಆಗಿರಲ್ಲ. ಹಾರಲು ಕಲಿತು ಗುಂಪಿನ ಜೊತೆ ಕಾಳಿಗೆ ಇಳಿಯುವ ಹೊಸ ಹಕ್ಕಿಗಳಿಗೇ ಜಾಸ್ತಿ ಹೊಡೆತ.

ಮಗಳ ವಿಷಯ. ಮನುಷ್ಯರ ಜಂತುಹುಳು ಬೇರೆ, ಪಾರಿವಾಳದ್ದು ಬೇರೆ. ಇದು ನಿಮ್ಮ ಮಗಳ ಹೊಟ್ಟೆಯಲ್ಲಿ ಬೆಳೆಯಲ್ಲ. ಆದರೆ ಒಣಗಿದ ಹಿಕ್ಕೆಯ ಧೂಳಿನ ಬಗ್ಗೆ ಮಾತ್ರ ಹುಷಾರು. ಹಕ್ಕಿಗಳಿಂದ ಮನುಷ್ಯರಿಗೆ ಬರುವ ಸಿಟಾಕೋಸಿಸ್ ರೋಗದ ಬ್ಯಾಕ್ಟೀರಿಯಾ, ಕ್ರಿಪ್ಟೊಕಾಕಸ್ ಅನ್ನುವ ಶಿಲೀಂಧ್ರ ಅದರಲ್ಲಿ ಇರಬಹುದು. ದಿನಾ ಆ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಕೆಲವರಿಗೆ ಶ್ವಾಸಕೋಶವೇ ಊದಿಕೊಂಡು ಗಟ್ಟಿಯಾಗುತ್ತದೆ. ಒಣ ಪೊರಕೆಯಲ್ಲಿ ಗುಡಿಸಬೇಡಿ. ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿ ಕೆರೆದು ತೆಗೆಯಿರಿ. ಡಬ್ಬ ಮಗಳ ಕೋಣೆಯಲ್ಲಿ ಬೇಡ.

ನಾಳೆ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಒಯ್ಯಿರಿ. ಆ ಹುಳ, ಜೊತೆಗೆ ಬೆಳಗಿನ ಹಿಕ್ಕೆ ಸಣ್ಣ ಡಬ್ಬಿಯಲ್ಲಿ. ಯಾಕೆಂದರೆ ಕಣ್ಣಿಗೆ ಕಾಣದ ಇನ್ನೊಂದು ಹುಳ ಇದೆ, ಕ್ಯಾಪಿಲೇರಿಯಾ. ಕೂದಲಿಗಿಂತ ಸಪೂರ, ಕರುಳಿನ ಗೋಡೆಗೇ ಕಚ್ಚಿಕೊಂಡಿರುತ್ತದೆ. ದುಂಡುಹುಳಕ್ಕಿಂತ ನನಗೆ ಅದರದ್ದೇ ಚಿಂತೆ ಜಾಸ್ತಿ. ಅದಿದೆಯೋ ಇಲ್ಲವೋ ಸೂಕ್ಷ್ಮದರ್ಶಕದಲ್ಲೇ ಗೊತ್ತಾಗಬೇಕು.

ಕಾಳುಬುಟ್ಟಿ (ಹೊಸಕೆರೆಹಳ್ಳಿ)

ನಾನು ಎಂಟು ವರ್ಷದಿಂದ ತಾರಸಿಯಲ್ಲಿ ಕಾಳು ಹಾಕುತ್ತಿದ್ದೇನೆ, ದಿನಾ ಐವತ್ತು ಅರವತ್ತು ಹಕ್ಕಿ ಬರುತ್ತವೆ. ಪಕ್ಷಿಗಳ ಔಷಧಿ ಅಂತ ಸಿಗುವ ಜಂತುನಾಶಕ ತಂದು ಮೂರು ತಿಂಗಳಿಗೊಮ್ಮೆ ನೀರಿನ ತೊಟ್ಟಿಗೆ ಬೆರೆಸುತ್ತೇನೆ. ಮೂಕ ಜೀವಗಳು, ಅವನ್ನು ಯಾರು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ? ಎಲ್ಲರಿಗೂ ಒಂದೇ ಸಲ ಔಷಧಿ ಸಿಗುತ್ತಲ್ಲ. ಇದರಲ್ಲಿ ತಪ್ಪೇನಿದೆ ಡಾಕ್ಟ್ರೇ? ಕಲಿಯಲು ಕೇಳುತ್ತಿದ್ದೇನೆ.

ಗೂಡಿನ ಮನೆ

ಸರ್, ನಾನು ಮೊದಲು ಹೇಳುತ್ತೇನೆ, ಯಾಕೆಂದರೆ ನನ್ನ ಗೂಡಲ್ಲೂ ಇದೇ ಆಗಿದೆ. ನನ್ನ ಹಕ್ಕಿಗಳು ಇಪ್ಪತ್ತೆಂಟು. ಎಲ್ಲಕ್ಕೂ ನಂಬರ್ ಇದೆ, ಬೇರೆ ಕಡೆ ನೀರು ಕುಡಿಯಲ್ಲ. ಆದರೂ ನೀರಿಗೆ ಔಷಧಿ ಹಾಕಿದ ದಿನ ಯಾರು ಎಷ್ಟು ಕುಡಿದರು ಅಂತ ಹೇಳಕ್ಕಾಗಲ್ಲ. ಬಿಸಿಲಿನ ದಿನ ಒಂದು ಹಕ್ಕಿ ಎರಡರಷ್ಟು ಕುಡಿಯುತ್ತದೆ. ಮರಿ ಇರುವ ಜೋಡಿ ಇನ್ನೂ ಜಾಸ್ತಿ, ಮರಿಗೂ ಅದೇ ಕಕ್ಕಿ ಉಣಿಸುತ್ತದೆ. ಮಂಕಾದ ಹಕ್ಕಿ ನೀರಿನ ಹತ್ತಿರವೇ ಬರಲ್ಲ. ಯಾರಿಗೆ ಔಷಧಿ ಬೇಕೋ ಅವರಿಗೇ ಸಿಗಲ್ಲ. ಒಂದು ವರ್ಷ ಗರಿ ಬದಲಾಗುವ ಕಾಲದಲ್ಲಿ, ಯಾರೋ ಹೇಳಿದರು ಅಂತ ಫೆನ್ಬೆಂಡಜೋಲ್ ಹಾಕಿಬಿಟ್ಟೆ. ಹೊಸ ಗರಿಗಳೆಲ್ಲ ಮಧ್ಯದಲ್ಲಿ ಕಡಿದ ಹಾಗೆ ಸೊಟ್ಟ ಬಂದವು. ಆರು ಹಕ್ಕಿ ಆ ಸೀಸನ್ ಪೂರ್ತಿ ಸರಿಯಾಗಿ ಹಾರಲೇ ಇಲ್ಲ. ಅವು ಗೂಡಿನಿಂದ ನೆಲಕ್ಕೆ ಇಳಿಯಲು ಒದ್ದಾಡುವುದನ್ನು ದಿನಾ ನೋಡಿದವನು ನಾನು. ನನ್ನವಕ್ಕೆ ಗೂಡಿತ್ತು, ಕಾಳಿತ್ತು. ಬೀದಿಯ ಹಕ್ಕಿಗೆ ಹಾಗಾದರೆ ಬೆಕ್ಕಿನ ಬಾಯಿಗೇ.

ಪಶುವೈದ್ಯೆ (ಹಾಸನ)

ಅವರು ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ. ಕಾಲ ಕಾಲಕ್ಕೆ ಅರೆಬರೆ ಡೋಸ್ ಬಿದ್ದರೆ ಸುಲಭವಾಗಿ ಸಾಯುವ ಹುಳ ಸಾಯುತ್ತವೆ, ಔಷಧಿ ತಡೆದುಕೊಳ್ಳುವ ಹುಳ ಉಳಿದು ಅವೇ ಬೆಳೆಯುತ್ತವೆ. ಕುರಿಗಳಲ್ಲಿ ಈ ತೊಂದರೆ ಆಗಲೇ ಅನುಭವಿಸುತ್ತಿದ್ದೇವೆ. ಅಲ್ಲದೆ ನಿಮ್ಮ ತೊಟ್ಟಿಗೆ ಪಾರಿವಾಳ ಮಾತ್ರ ಬರಲ್ಲ. ಅಳಿಲು, ಗುಬ್ಬಿ, ಮೈನಾ, ಪಿಕಳಾರ ಎಲ್ಲವೂ ಬರುತ್ತವೆ.

ಹಾಗಾದರೆ ಏನು ಮಾಡಬೇಕು ಅಂದರೆ, ಮೊಟ್ಟೆಯೊಳಗೆ ಮರಿ ತಯಾರಾಗುವ ಆ ಎರಡು ವಾರವನ್ನು ನೀವು ಮಧ್ಯದಲ್ಲೇ ಮುರಿಯಬಹುದು. ಕಾಳು ಒಂದೇ ಕಡೆ ರಾಶಿ ಹಾಕಬೇಡಿ, ಅವು ಹದಿನೈದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ. ಹಾಕಿದ ಜಾಗವನ್ನು ವಾರಕ್ಕೆರಡು ಸಲ ನೆನೆಸಿ ಉಜ್ಜಿ, ಕುದಿಯುವ ನೀರು ಹುಯ್ದು ಬಿಸಿಲಿಗೆ ಒಣಗಲು ಬಿಡಿ. ಫಿನಾಯಿಲ್ ನಂಬಬೇಡಿ. ಈ ಮೊಟ್ಟೆಯ ಸಿಪ್ಪೆ ತುಂಬಾ ಗಟ್ಟಿ, ಮಾಮೂಲಿ ಕ್ರಿಮಿನಾಶಕಕ್ಕೆ ಬಗ್ಗಲ್ಲ. ಬಿಸಿ ಮತ್ತು ಒಣ ನೆಲ, ಇವೆರಡಕ್ಕೇ ಹೆದರುವುದು. ನೀರಿನ ಪೈಪ್ ಸೋರಿ ತೇವ ನಿಲ್ಲುವ ಮೂಲೆ ಇದ್ದರೆ ಮೊದಲು ಅದನ್ನು ಸರಿಮಾಡಿಸಿ.

ಕಾಳುಬುಟ್ಟಿ

ಇವತ್ತಿಂದ ಬಿಟ್ಟೆ ಡಾಕ್ಟ್ರೇ. ಬಾಟಲಿ ತೆಗೆದು ನೋಡಿದೆ, ಲೇಬಲ್ ಮೇಲೆ ಫೆನ್ಬೆಂಡಜೋಲ್ ಅಂತಲೇ ಇದೆ. ಪಾಪ, ಎಷ್ಟು ಹಕ್ಕಿಗೆ ಏನಾಯಿತೋ. ತೊಟ್ಟಿ ಪಕ್ಕ ಮಳೆನೀರಿನ ಪೈಪ್ ಸೋರುತ್ತದೆ, ಅಲ್ಲೇ ಪಾಚಿ ಕಟ್ಟಿದೆ. ಪ್ಲಂಬರ್‌ಗೆ ಫೋನ್ ಮಾಡಿದ್ದೇನೆ.

ಮಾಟುಂಗ ಕನ್ನಡತಿ

ಮುಂಬೈಯಿಂದ ಬರೆಯುತ್ತಿದ್ದೇನೆ. ಇಲ್ಲಿ 2025ರಲ್ಲಿ ಕಬೂತರ್‌ಖಾನಾಗಳನ್ನು, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಕಟ್ಟೆಗಳನ್ನು, ಮುಚ್ಚಿದರು, ದಾದರ್‌ನದಕ್ಕೆ ಟಾರ್ಪಾಲು ಹೊದಿಸಿದರು, ವಿಷಯ ಹೈಕೋರ್ಟ್‌ನಲ್ಲಿತ್ತು. ಮಾತೆಲ್ಲ ನಡೆದದ್ದು ಮನುಷ್ಯರ ಶ್ವಾಸಕೋಶದ ಬಗ್ಗೆ ಅಥವಾ ನಂಬಿಕೆಯ ಬಗ್ಗೆ. ಸಾವಿರಾರು ಹಕ್ಕಿ ಒಂದೇ ಕಟ್ಟೆಯ ಮೇಲೆ ತಮ್ಮದೇ ಹಿಕ್ಕೆಯ ನಡುವೆ ಕಾಳು ಹೆಕ್ಕಿದರೆ ಆ ಹಕ್ಕಿಗಳಿಗೇ ಏನಾಗುತ್ತೆ ಅಂತ ಮಾತಾಡಿದವರನ್ನು ನಾನು ನೋಡಲಿಲ್ಲ. ಇಲ್ಲಿ ಅದನ್ನು ಓದಿ ಮನಸ್ಸಿಗೆ ಸಮಾಧಾನ ಆಯಿತು.

ಬಂಡೆಸಾಲು (ಬಾದಾಮಿ)

ಮೇಡಂ ಹೇಳಿದ್ದು ಖರೇ ರೀ. ನಮ್ಮ ಬಾದಾಮಿಯ ಅಗಸ್ತ್ಯ ತೀರ್ಥದ ಸುತ್ತ ಕೆಂಪು ಬಂಡೆ ನೋಡಿದ್ದೀರಿ ಅಲ್ಲ? ಆ ಬಂಡೆಯ ಬಿರುಕಲ್ಲಿ ಪಾರಿವಾಳ ಇವೆ. ಬೂದು ಮೈ, ರೆಕ್ಕೆ ಮೇಲೆ ಎರಡು ಕಪ್ಪು ಪಟ್ಟಿ. ಬಂಡೆಯಲ್ಲಿ ಗೂಡು ಮಾಡುವುದೇ ಈ ಹಕ್ಕಿಯ ಮೂಲ ಗುಣ, ನಿಮ್ಮ ಸಜ್ಜಾ ಅದಕ್ಕೆ ಬಂಡೆಯ ಹಾಗೇ ಕಾಣುತ್ತದೆ. ಆದರೆ ಇಲ್ಲಿ ಬೆಳಿಗ್ಗೆ ಎದ್ದು ಜೋಳದ ಹೊಲಕ್ಕೆ ಹೋಗುತ್ತವೆ. ಇವತ್ತು ಈ ಹೊಲ, ನಾಳೆ ಆ ಹೊಲ. ಮಲಗುವ ಜಾಗ ಬೇರೆ, ಉಣ್ಣುವ ಜಾಗ ಬೇರೆ. ಹಿಕ್ಕೆ ಬಂಡೆಯ ಮೈಮೇಲೆ ಬಿದ್ದು ಆ ಬಿಸಿಲಿಗೆ ಒಣಗಿ ಸುಣ್ಣ ಬಳಿದ ಹಾಗೆ ಆಗುತ್ತದೆ. ಊರಿನ ತಾರಸಿಯಲ್ಲಿ ಎರಡೂ ಒಂದೇ ಕಡೆ ಬಂದಾವ, ಅದೇ ಫರಕು.

ಮೇಷ್ಟ್ರು (ತಿಪಟೂರು)

ಹಿಕ್ಕೆ ಪರೀಕ್ಷೆ ಅಂದರೆ ಏನು ಅಂತ ಕೇಳುವವರಿಗೆ ಒಂದು ಮಾತು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹೋದ ವರ್ಷ ಶಾಲೆಯ ಕಾರಿಡಾರಿನ ಪಾರಿವಾಳಗಳ ಹಿಕ್ಕೆಯನ್ನು ಮಕ್ಕಳ ಎದುರು ನೋಡಿದೆವು. ಕೈಗವಸು, ಮಾಸ್ಕ್ ಹಾಕಿಕೊಂಡು, ಹಸಿ ಹಿಕ್ಕೆ ಮಾತ್ರ.

ನೀರಿಗೆ ಇನ್ನು ಕರಗಲ್ಲ ಅನ್ನುವಷ್ಟು ಅಡುಗೆ ಉಪ್ಪು ಹಾಕಿ ಕದಡಿ. ಅದರಲ್ಲಿ ಕಡಲೆಕಾಳಿನಷ್ಟು ಹಿಕ್ಕೆ ಕಲಸಿ, ಟೀ ಸೋಸುವ ಜರಡಿಯಲ್ಲಿ ಸೋಸಿ (ಆ ಜರಡಿ ಮತ್ತೆ ಅಡುಗೆಮನೆಗೆ ಬೇಡ), ಸಣ್ಣ ಶೀಶೆಗೆ ಅಂಚಿನವರೆಗೆ ತುಂಬಿ. ಮೇಲೆ ಗಾಜಿನ ಕವರ್ ಸ್ಲಿಪ್ ಮುಚ್ಚಿ ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಉಪ್ಪುನೀರು ಭಾರ, ಹುಳದ ಮೊಟ್ಟೆ ಹಗುರ. ತೇಲಿ ಬಂದು ಗಾಜಿಗೆ ಅಂಟಿಕೊಳ್ಳುತ್ತದೆ. ಅದನ್ನು ಸ್ಲೈಡ್ ಮೇಲಿಟ್ಟು ನೂರು ಪಟ್ಟು ಹಿಗ್ಗಿಸಿ ನೋಡಿದರೆ ಸಾಕು.

ಮೊದಲು ಕಾಣುವುದು ಗುಳ್ಳೆ, ಧಾನ್ಯದ ಸಿಪ್ಪೆ, ಏನೇನೋ ಕಸ. ಆಮೇಲೆ ಆ ಕಸದ ನಡುವೆ ಅಂಚು ನೀಟಾಗಿರುವ ಒಂದು ಮೊಟ್ಟೆ ಕಾಣುತ್ತದೆ. ನುಣುಪು, ದಪ್ಪ ಸಿಪ್ಪೆ, ಒಳಗೆ ಕಂದು ಹಿಟ್ಟಿನ ಉಂಡೆ. ಅದೇ ದುಂಡುಹುಳದ್ದು. ಉದ್ದ ಸುಮಾರು ನಮ್ಮ ಒಂದು ತಲೆಗೂದಲಿನ ದಪ್ಪದಷ್ಟು. ಕ್ಯಾಪಿಲೇರಿಯಾದ್ದಾದರೆ ನಿಂಬೆಹಣ್ಣಿನ ಆಕಾರ, ಎರಡೂ ತುದಿಯಲ್ಲಿ ಬಿರಡೆ ಹಾಕಿದ ಹಾಗೆ ಇರುತ್ತದೆ. ಒಬ್ಬ ಹುಡುಗಿ ಆ ಬಿರಡೆ ಗುರುತಿಸಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಲಾಡಿಹುಳ ಮಾತ್ರ ಹೀಗೆ ಸಿಗುವುದು ಕಷ್ಟ. ಅದು ಅಕ್ಕಿ ನುಚ್ಚಿನ ಹಾಗೆ ತುಂಡು ತುಂಡಾಗಿ ಹಿಕ್ಕೆಯಲ್ಲಿ ಬರುತ್ತದೆ. ಅದು ಹರಡುವುದು ಇರುವೆ, ಜೀರುಂಡೆ ತಿಂದರೆ.

ನೋಡಿ ಹುಳ ಗುರುತಿಸಬಹುದು, ಔಷಧಿ ಮಾತ್ರ ಡಾಕ್ಟ್ರಿಗೇ ಬಿಡಿ. ಮಕ್ಕಳಿಗೂ ಇದನ್ನೇ ಹೇಳಿದ್ದು.

ತಾರಸಿತೋಟ

ಅಪ್‌ಡೇಟ್. ಹೆಬ್ಬಾಳಕ್ಕೆ ಹೋಗಿ ಬಂದೆ. ತೂಕ 198 ಗ್ರಾಂ. ಇಷ್ಟು ದೊಡ್ಡ ಹಕ್ಕಿ 300ರ ಆಸುಪಾಸು ಇರಬೇಕಿತ್ತು ಅಂದರು. ಹಿಕ್ಕೆಯಲ್ಲಿ ದುಂಡುಹುಳದ ಮೊಟ್ಟೆ ತುಂಬಾ ಇವೆ, ಕ್ಯಾಪಿಲೇರಿಯಾ ಕಾಣಲಿಲ್ಲ. ಮೇಷ್ಟ್ರೇ, ನನಗೂ ಇಣುಕಿ ನೋಡಲು ಬಿಟ್ಟರು, ನೀವು ಬರೆದ ಹಾಗೇ ಇತ್ತು. ಗರಿಗಳ ಒಳಗಿಂದ ಚಪ್ಪಟೆ ನೊಣ ಒಂದು ಏಡಿ ಥರ ಅಡ್ಡಡ್ಡ ಓಡಿ ನನ್ನ ತೋಳು ಹತ್ತಿತು, ಕಿರುಚಿಬಿಟ್ಟೆ. ಪಾರಿವಾಳದ ನೊಣ, ಮನುಷ್ಯರ ಮೇಲೆ ನಿಲ್ಲಲ್ಲ ಅಂತ ಡಾಕ್ಟ್ರು ತೆಗೆದುಹಾಕಿದರು.

ಲೆವಮಿಸೋಲ್ ಅನ್ನುವ ಬೇರೆ ಜಂತು ಔಷಧಿ ತೂಕಕ್ಕೆ ಲೆಕ್ಕ ಹಾಕಿ ಅವರೇ ಕೊಟ್ಟರು. ಅರ್ಧ ಗಂಟೆಯಲ್ಲಿ ಹಕ್ಕಿ ವಾಂತಿ ಮಾಡಿತು, ಜೀವ ಹೋದ ಹಾಗಾಯಿತು ನನಗೆ. ಇದು ಸರಿನಾ?

ಪಶುವೈದ್ಯೆ (ಹಾಸನ)

ಲೆವಮಿಸೋಲ್ ಕೊಟ್ಟಾಗ ಪಾರಿವಾಳ ವಾಂತಿ ಮಾಡುವುದು ಮಾಮೂಲಿ, ಹೆದರಬೇಡಿ. ಆದರೆ ಮತ್ತೆ ನೀವಾಗಿ ಕೊಡಬೇಡಿ. ಬೇಕಾದ ಡೋಸಿಗೂ ಅತಿಯಾದ ಡೋಸಿಗೂ ಅಂತರ ಕಡಿಮೆ ಇರುವ ಔಷಧಿ ಅದು. ಎರಡು ದಿನ ಪೇಪರ್ ಬೇಗ ಬೇಗ ಬದಲಾಯಿಸಿ, ಬಿದ್ದ ಹುಳ ಎಣಿಸಿಡಿ.

ತಾರಸಿತೋಟ

ಮಾರನೇ ದಿನ ಹನ್ನೊಂದು, ಅದರ ಮರುದಿನ ನಾಲ್ಕು. ಒಂದು ಎಂಟು ಸೆಂಟಿಮೀಟರ್ ಇತ್ತು. ಅಷ್ಟೂ ಆ ಅಂಗೈಯಗಲದ ಹೊಟ್ಟೆಯೊಳಗೆ ಇದ್ದವಲ್ಲ ಅಂತ ನೆನೆದು ಕಣ್ಣಲ್ಲಿ ನೀರು ಬಂತು. ಮೂರನೇ ದಿನ ಹಿಕ್ಕೆ ಗಟ್ಟಿಯಾಗಿ, ಕಂದು ಉಂಡೆಯ ಮೇಲೆ ಬಿಳಿ ಟೋಪಿ ಇಟ್ಟ ಹಾಗೆ ಬಂದಿದೆ. ಜೋಳ, ಬಟಾಣಿ, ಸ್ವಲ್ಪ ಸಜ್ಜೆ ತಾನೇ ತಿನ್ನುತ್ತಿದೆ.

ಗೂಡಿನ ಮನೆ

ಆ ಬಿಳಿ ಟೋಪಿ ಕಂಡರೆ ನಮ್ಮ ಗೂಡಿನವರಿಗೆ ಹಬ್ಬ ಅಕ್ಕ. ಬೇಗ ಬಿಟ್ಟುಬಿಡಬೇಡಿ. ಎದೆಯ ಎರಡೂ ಬದಿ ಮಾಂಸ ತುಂಬಿ ಮೂಳೆ ಬೆರಳಿಗೆ ಅಷ್ಟಾಗಿ ಸಿಗದ ಹಾಗೆ ಆಗಲಿ. ಕೋಣೆಯೊಳಗೆ ನೆಲದಿಂದ ಮೇಲಕ್ಕೆ ನೆಟ್ಟಗೆ ಹಾರಬೇಕು. ಬಿಡುವಾಗ ಹಿಡಿದ ಜಾಗದಲ್ಲೇ ಬಿಡಿ, ಬೆಳಿಗ್ಗೆ ಹೊತ್ತು. ಅದರ ಗುಂಪು, ಬಹುಶಃ ಅದರ ಜೋಡಿ ಅಲ್ಲೇ ಇರುತ್ತದೆ.

ತಾರಸಿತೋಟ

ಇಪ್ಪತ್ತೆರಡನೇ ದಿನ. ಎರಡನೇ ಡೋಸ್ ಆಸ್ಪತ್ರೆಯಲ್ಲೇ ಆಯಿತು, ಈ ಸಲ ಒಂದೇ ಒಂದು ಸಣ್ಣ ಹುಳ. ತೂಕ 287. ನಡುವೆ ಯುಟಿಲಿಟಿಯ ಹೊರಗಿನ ಸಜ್ಜಾ ನೆನೆಸಿ ಕೆರೆದು ಕುದಿನೀರು ಹುಯ್ದು ತೊಳೆಸಿದೆ, ಎರಡು ಬಕೆಟ್ ಹಿಕ್ಕೆ ಬಂತು. ಎಸಿ ನೀರು ತೊಟ್ಟಿಕ್ಕುತ್ತಿದ್ದ ಪೈಪನ್ನು ಬೇರೆ ಕಡೆ ತಿರುಗಿಸಿದೆವು.

ಇವತ್ತು ಏಳು ಗಂಟೆಗೆ ಡಬ್ಬ ಸಜ್ಜಾ ಹತ್ತಿರ ಹಿಡಿದು ಮುಚ್ಚಳ ತೆಗೆದೆ. ಮಗಳು ಬಾಗಿಲ ಹಿಂದಿನಿಂದ ನೋಡುತ್ತಿದ್ದಳು. ಒಂದು ಕ್ಷಣ ಅಂಚಿನ ಮೇಲೆ ನಿಂತು ಕತ್ತು ಉದ್ದ ಮಾಡಿತು. ಆಮೇಲೆ ಪಟಪಟ ಅಂತ ರೆಕ್ಕೆ ಬಡಿದು ಎದುರು ಕಟ್ಟಡದ ನೀರಿನ ಟ್ಯಾಂಕ್ ಮೇಲೆ ಹೋಗಿ ಕೂತಿತು. ಅಲ್ಲಿದ್ದ ಇನ್ನೊಂದು ಪಾರಿವಾಳ ಕತ್ತು ಉಬ್ಬಿಸಿ ಅದರ ಸುತ್ತ ತಿರುಗಲು ಶುರು ಮಾಡಿತು. ನಾನು ಇದನ್ನು ಬರೆಯುವ ಹೊತ್ತಿಗೂ ಎರಡೂ ಅಲ್ಲೇ ಇವೆ.